ಪೆನ್ಷನ್ ಬಂದ ಮೇಲೆ ಮಗ್ಗ: ಮೊದಲ ಬಟ್ಟೆ ಇಳಿಯುವ ತನಕ

ನಾನು ಹುಟ್ಟಿದ್ದು ಬೆಟಗೇರಿಯ ನೇಕಾರರ ಮನೆಯಲ್ಲಿ. ಪಡಸಾಲೆಯ ಅರ್ಧ ಜಾಗ ಅಪ್ಪನ ಕುಣಿ ಮಗ್ಗಕ್ಕೆ, ಉಳಿದ ಅರ್ಧದಲ್ಲಿ ನಾವು ಆರು ಮಂದಿ. ಶಾಲೆಯಿಂದ ಬಂದ ತಕ್ಷಣ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುವುದು, ಅಂದರೆ ಅಡ್ಡ ನೂಲು ಒಯ್ಯುವ ಲಾಳಿಯೊಳಗಿನ ಸಣ್ಣ ಕೊಳವೆಗೆ ನೂಲು ಸುತ್ತುವುದು, ನನ್ನ ಪಾಲಿನ ಕೆಲಸ. ಹತ್ತು ಕಂಡಿಕೆ ಮುಗಿದರೆ ಆಟಕ್ಕೆ ಬಿಡುಗಡೆ. ಆಮೇಲೆ ಓದಿದೆ, 1987ರಲ್ಲಿ ಬ್ಯಾಂಕ್ ಸೇರಿದೆ, 36 ವರ್ಷ ಬೇರೆಯವರ ದುಡ್ಡು ಎಣಿಸಿದೆ. ನಿವೃತ್ತಿಯಾಗಿ ಧಾರವಾಡದ ಮನೆಯಲ್ಲಿ ಮಗ್ಗ ಹಾಕುತ್ತೇನೆ ಅಂದಾಗ ಮಗಳು ಕೇಳಿದಳು, "ಅಮ್ಮಾ, ನಿನಗ ನೇಯಾಕ ಬರತದ ಹೌದಲ್ಲೋ?" ಬರುತ್ತದೆ ಅಂತಲೇ ನಾನೂ ಅಂದುಕೊಂಡಿದ್ದೆ. ಕೂತು ನೋಡಿದರೆ ನನಗೆ ಬರುತ್ತಿದ್ದದ್ದು ಕಂಡಿಕೆ ಸುತ್ತುವುದು ಮಾತ್ರ.

ನನ್ನ ಹಾಗೆ ನೇಕಾರರ ಮನೆಯಿಂದ ಹೊರಬಿದ್ದು, ಬೇರೆ ಕೆಲಸ ಮಾಡಿ, ಈಗ ಮತ್ತೆ ಮಗ್ಗದ ಕಡೆ ನೋಡುತ್ತಿರುವವರು ಬಹಳ ಜನ ಇದ್ದಾರೆ. ಯಾವತ್ತೋ ಕಲಿತು ಬಿಟ್ಟವರೂ ಇದ್ದಾರೆ. ಅಂಥವರಿಗೆ ಈ ಬರಹ. ಹೊಟ್ಟೆಪಾಡಿಗೆ ನೇಯುವವರಿಗೆ ನಾನು ಹೇಳಿಕೊಡುವುದು ಏನೂ ಇಲ್ಲ, ನಾನೇ ಅವರ ಹತ್ತಿರ ಕಲಿತದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೇಯ್ಗೆ ಅಂದರೆ ಲಾಳಿ ಆಚೆ ಈಚೆ ಓಡಿಸುವುದು ಅಂತ ನೋಡಿದವರು ಅಂದುಕೊಳ್ಳುತ್ತಾರೆ. ನಮ್ಮಂಥವರ ಮೊದಲ ಬಟ್ಟೆಯಲ್ಲಿ ಮುಕ್ಕಾಲು ಪಾಲು ಕೆಲಸ ಲಾಳಿ ಕೈಗೆ ಬರುವ ಮೊದಲೇ ಇರುತ್ತದೆ. ಬಿಟ್ಟು ಓಡಿಹೋಗುವವರು ಓಡುವುದೂ ಅಲ್ಲೇ. ಹಾಗಾಗಿ ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳ) ಬಗ್ಗೆ ಜಾಸ್ತಿ ಬರೆದಿದ್ದೇನೆ, ನೇಯುವುದರ ಬಗ್ಗೆ ಕಡಿಮೆ.

ಮೊದಲ ತಿಂಗಳು ಏನೂ ಕೊಳ್ಳಬೇಡಿ

ಪಿಎಫ್ ದುಡ್ಡು ಕೈಗೆ ಬಂದ ವಾರದಲ್ಲೇ ಮಗ್ಗ ಬುಕ್ ಮಾಡುವ ಆಸೆ ಆಗುತ್ತದೆ. ತಡೆಯಿರಿ. ಒಂದು ತಿಂಗಳು ನೇಯುವವರ ಪಕ್ಕ ಹೋಗಿ ಕೂತುಕೊಳ್ಳಿ.

ಎಲ್ಲಿ ಅಂತೀರಾ? ಉತ್ತರ ಕರ್ನಾಟಕದವರಿಗೆ ಬೆಟಗೇರಿ, ಇಳಕಲ್, ಗುಳೇದಗುಡ್ಡ ಹತ್ತಿರವೇ ಇವೆ. ಶಿವಮೊಗ್ಗದ ಕಡೆಯವರಿಗೆ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಮಹಿಳಾ ಸಂಘವಿದೆ. ಅಡಿಕೆ ಚೊಗರಿನಂಥ ಬಣ್ಣಗಳಲ್ಲಿ ಅದ್ದಿದ ನೂಲನ್ನು ಮಗ್ಗದ ಮೇಲೆ ನೋಡಬೇಕೆಂದರೆ ಅಲ್ಲಿಗೆ ಹೋಗಬೇಕು. ಮೈಸೂರು, ಮಂಡ್ಯದವರಿಗೆ ಮೇಲುಕೋಟೆಯ ಜನಪದ ಸೇವಾ ಟ್ರಸ್ಟ್ ಇದೆ. ಕರಾವಳಿಯವರಿಗೆ ಕಿನ್ನಿಗೋಳಿಯ ಹತ್ತಿರ ತಾಳಿಪಾಡಿ ನೇಕಾರರ ಸಂಘ, ಅಲ್ಲಿ ಉಡುಪಿ ಸೀರೆ ನೇಯುತ್ತಾರೆ. ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ನೇಕಾರರ ಸೇವಾ ಕೇಂದ್ರ ಇದೆ. ಎಲ್ಲಿಗೇ ಹೋಗುವುದಾದರೂ ಮೊದಲು ಫೋನ್ ಮಾಡಿ ಕೇಳಿ. ಆಗಸ್ಟ್ 7ರಂದು ಮಾತ್ರ ಹೋಗಬೇಡಿ. 2015ರಿಂದ ಅದು ರಾಷ್ಟ್ರೀಯ ಕೈಮಗ್ಗ ದಿನ. ಅವತ್ತು ಕಲಿಯುವವರಿಗಿಂತ ಫೋಟೋ ತೆಗೆಯುವವರೇ ಜಾಸ್ತಿ.

ಇನ್ನೊಂದು ಸಂಗತಿ. ನೇಕಾರರಿಗೆ ಕೂಲಿ ಸಿಗುವುದು ನೇಯ್ದ ಸೀರೆಯ ಲೆಕ್ಕದಲ್ಲಿ. ನೀವು ಒಂದು ತಾಸು ಮಾತಾಡಿಸಿದರೆ ಅವರ ಒಂದು ತಾಸಿನ ಕೂಲಿ ಹೋಯಿತು. "ಸುಮ್ನೆ ನೋಡ್ಕೊಂಡು ಹೋಗ್ತೀನಿ" ಅನ್ನಬೇಡಿ. ನಾನು ಅಪ್ಪನ ಗೆಳೆಯರಾಗಿದ್ದ ಒಬ್ಬ ಕಾಕಾನ ಹತ್ತಿರ ಹೋಗುತ್ತಿದ್ದೆ. ವಾರಕ್ಕೆ ಎರಡು ಮಧ್ಯಾಹ್ನ. ಪ್ರತಿ ಸಲವೂ ಅರ್ಧ ದಿನದ ಕೂಲಿಯನ್ನು ಕಾಕೂನ ಕೈಯಲ್ಲಿ ಇಟ್ಟು ಬರುತ್ತಿದ್ದೆ. ಕಾಕಾನ ಕೈಗೆ ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ.

ಆ ತಿಂಗಳಲ್ಲಿ ಮಾಡಬೇಕಾದದ್ದು ಇಷ್ಟೇ: ಕಂಡಿಕೆ ಸುತ್ತಿ ಕೊಡಿ, ಕಡಿದ ಎಳೆ ಹೇಗೆ ಜೋಡಿಸುತ್ತಾರೆ ನೋಡಿ, ಹಾಸು ಏರಿಸುವ ದಿನ ತಪ್ಪಿಸಿಕೊಳ್ಳಬೇಡಿ. ನೇಯುವುದನ್ನು ಯಾವತ್ತು ಬೇಕಾದರೂ ನೋಡಬಹುದು, ಹಾಸು ಏರಿಸುವುದು ತಿಂಗಳಿಗೊಮ್ಮೆಯೋ ಎರಡು ಸಲವೋ ಸಿಗುತ್ತದೆ.

ಮೈ ಏನನ್ನುತ್ತದೆ?

ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನಕ್ಕೆ ಹತ್ತು ತಾಸು ಕೂರುತ್ತಿದ್ದ. ಅರವತ್ತರ ನನ್ನ ಸೊಂಟಕ್ಕೆ ಅದು ಆಗದ ಮಾತು. ನಲವತ್ತೈದು ನಿಮಿಷಕ್ಕೆ ಒಮ್ಮೆ ಎದ್ದು ನಿಲ್ಲುತ್ತೇನೆ. ಕೂರುವ ಹಲಗೆಯ ಎತ್ತರ ಸರಿಯಾಗಿರಬೇಕು: ಕೂತಾಗ ಮೊಣಕೈ ಬಟ್ಟೆಯ ಮಟ್ಟಕ್ಕಿಂತ ಚೂರು ಮೇಲೆ ಬರಬೇಕು. ಕೆಳಗಿದ್ದರೆ ಸಂಜೆಗೆ ಭುಜ ನೋಯುತ್ತದೆ.

ಕಣ್ಣಿನ ವಿಷಯ ಯಾರೂ ಹೇಳಲಿಲ್ಲ, ನಾನೇ ತಿಳಿದುಕೊಂಡೆ. ಓದುವ ಕನ್ನಡಕ ಪೇಪರ್ ಹಿಡಿಯುವ ದೂರಕ್ಕೆ ಇರುತ್ತದೆ. ಮಗ್ಗದಲ್ಲಿ ಎಳೆ ಇರುವುದು ಅದಕ್ಕಿಂತ ಆಚೆ. ನಾನು ಕುತ್ತಿಗೆ ಚಾಚಿ ಚಾಚಿ ನೋವು ಮಾಡಿಕೊಂಡೆ. ಕೂರುವ ಜಾಗದಿಂದ ಎಳೆಯ ತನಕ ಟೇಪು ಹಿಡಿದು ಅಳೆದು, ಆ ದೂರಕ್ಕೆ ಒಂದು ಕನ್ನಡಕ ಮಾಡಿಸಿಕೊಳ್ಳಿ.

ಯಾವ ಮಗ್ಗ

ಕುಣಿ ಮಗ್ಗ ಚೆಂದ. ಆದರೆ ಅದಕ್ಕೆ ನೆಲ ಅಗೆಯಬೇಕು, ನೆಲಮಹಡಿಯೇ ಬೇಕು. ಊರಲ್ಲಿ ಹಳೆ ಮನೆ ಇದ್ದು, ಅದರಲ್ಲಿ ಕುಣಿ ಇನ್ನೂ ಮುಚ್ಚದೆ ಉಳಿದಿದ್ದರೆ ನೀವು ಪುಣ್ಯವಂತರು. ನಮ್ಮ ಮನೆಯ ಕುಣಿಗೆ 1990ರ ಸುಮಾರಿಗೆ ಮಣ್ಣು ತುಂಬಿಸಿ ಟೈಲ್ಸ್ ಹಾಕಿದೆವು. ಆಗ ಅದು ದೊಡ್ಡ ಸುಧಾರಣೆ ಅನ್ನಿಸಿತ್ತು.

ನೆಲದ ಮೇಲೆ ನಿಲ್ಲುವ ಚೌಕಟ್ಟಿನ ಮಗ್ಗಕ್ಕೆ ಒಂದು ಕೋಣೆಯೇ ಬೇಕು. ಅದರಲ್ಲಿ ಹಗ್ಗ ಎಳೆದು ಲಾಳಿ ಹಾರಿಸುವ ಏರ್ಪಾಡಿದ್ದರೆ ಕೆಲಸ ಬೇಗ ಆಗುತ್ತದೆ, ಸದ್ದೂ ಬೇಗ ಕೆಳಗಿನ ಮನೆಗೆ ಹೋಗುತ್ತದೆ. ಅಪಾರ್ಟ್‌ಮೆಂಟಿನವರು ಯೋಚನೆ ಮಾಡಿ. ಕಾಲಿನ ಕೆಳಗೆ ದಪ್ಪ ರಬ್ಬರ್ ಹಾಸಿದರೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಅಲ್ಲ.

ನಾನು ಹೇಳುವುದು ನಾಲ್ಕು ಶಾಫ್ಟಿನ ಮೇಜಿನ ಮಗ್ಗ, 24 ಇಂಚು ಅಗಲದ್ದು. ಶಾಫ್ಟ್ ಅಂದರೆ ಹಾಸಿನ ಎಳೆಗಳನ್ನು ಗುಂಪಾಗಿ ಎತ್ತುವ ಚೌಕಟ್ಟು. ಪೆಡಲ್ ಇರುವುದಿಲ್ಲ, ಕೈಯಲ್ಲೇ ಶಾಫ್ಟ್ ಎತ್ತಬೇಕು. ನಿಧಾನ. ನಮಗೇನು ಅವಸರ ಇದೆ, ಅಲ್ವಾ? ಇದಕ್ಕಿಂತ ಸಣ್ಣದು, ಒಂದೇ ಹಲಗೆ ಎತ್ತಿ ಇಳಿಸುವ ಮಗ್ಗವೂ ಸಿಗುತ್ತದೆ. ಅದು ಹಗುರ, ಅಗ್ಗ. ಆದರೆ ಇಂಚಿಗೆ ಹತ್ತು ಹನ್ನೆರಡು ಎಳೆಗಿಂತ ಜಾಸ್ತಿ ಹಿಡಿಯುವುದು ಕಷ್ಟ. ಮಫ್ಲರಿಗೆ ಸರಿ, ನಮ್ಮ ಹತ್ತಿಯ ಬಟ್ಟೆಗೆ ಸಾಲದು.

ನಾನು ಮೊದಲು ತರಿಸಿದ ಮಗ್ಗ ಫೋಟೋದಲ್ಲಿ ಬಹಳ ಚೆಂದ ಇತ್ತು. ಮನೆಗೆ ಬಂದ ಮೇಲೆ ನೋಡಿದರೆ ಹಿಂದಿನ ಬೀಮ್ (ಹಾಸು ಸುತ್ತುವ ಉರುಳೆ) ಒಂದು ಕಡೆ ಅರ್ಧ ಇಂಚು ಓರೆ. ಎಷ್ಟೇ ಬಿಗಿ ಮಾಡಿದರೂ ಬಲಗಡೆಯ ಎಳೆ ಜೋತು ಬೀಳುತ್ತಿತ್ತು. ತಪ್ಪು ನನ್ನದೇ ಅಂತ ಎರಡು ತಿಂಗಳು ಅಂದುಕೊಂಡಿದ್ದೆ. ಕೊನೆಗೆ ಬಡಿಗರನ್ನು ಕರೆಸಿ ಸರಿ ಮಾಡಿಸಿದೆ. ಹೊಸದಿರಲಿ ಹಳೆಯದಿರಲಿ, ದುಡ್ಡು ಕೊಡುವ ಮೊದಲು ನಾಲ್ಕು ಪರೀಕ್ಷೆ ಮಾಡಿ. ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ, ಎರಡು ಅಳತೆ ಒಂದೇ ಬರಬೇಕು. ಬೀಮ್ ತಿರುಗಿಸಿ ನೋಡಿ, ಕುಲುಕಬಾರದು. ಬೀಮನ್ನು ಹಿಡಿದು ನಿಲ್ಲಿಸುವ ಹಲ್ಲಿನ ಚಕ್ರ ಜಾರುತ್ತದೆಯೇ ನೋಡಿ. ಆಮೇಲೆ ಹಣಿಗೆಯ (ಹಾಸಿನ ಎಳೆಗಳು ಹಾಯುವ, ಅಡ್ಡ ನೂಲನ್ನು ಬಡಿದು ಕೂರಿಸುವ ಬಾಚಣಿಗೆಯ) ಮೇಲೆ ಒಂದು ಹತ್ತಿಯ ಉಂಡೆ ಎಳೆಯಿರಿ. ಎಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ತುಕ್ಕು ಇದೆ, ಅಲ್ಲೇ ಮುಂದೆ ಎಳೆ ಕಡಿಯುತ್ತದೆ.

ನೂಲು ಮತ್ತು ಅದರ ನಂಬರು

ಸೀರೆಯಿಂದ ಶುರು ಮಾಡಬೇಡಿ. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಒಂದೊಂದೇ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅದನ್ನು ನೋಡಿ ಬೆಳೆದವಳಾಗಿ ಹೇಳುತ್ತೇನೆ, ಅದು ನಮ್ಮ ಮೊದಲ ವರ್ಷದ ಕೆಲಸವಲ್ಲ. ನಾನು ಶುರು ಮಾಡಿದ್ದು ರೊಟ್ಟಿ ಬುಟ್ಟಿಗೆ ಹಾಸುವ ಬಟ್ಟೆಯಿಂದ. ಚೌಕದ ಬಟ್ಟೆ, ಸಾದಾ ನೇಯ್ಗೆ. ಅಂಚು ಸೊಟ್ಟ ಬಂದರೂ ರೊಟ್ಟಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಅದಕ್ಕೆ 2/10ರ ಹತ್ತಿ ನೂಲು ತನ್ನಿ. ಈ ನಂಬರಿನ ಅರ್ಥ ತಿಳಿದರೆ ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ. 840 ಗಜ ನೂಲು ಒಂದು ಲಡಿ. ಒಂದು ಪೌಂಡಿನಲ್ಲಿ ಅಂಥ ಎಷ್ಟು ಲಡಿ ತೂಗುತ್ತವೋ ಅದೇ ನೂಲಿನ ನಂಬರು. ನಂಬರು ದೊಡ್ಡದಾದಷ್ಟೂ ನೂಲು ಸಣ್ಣ. 2/10 ಅಂದರೆ 10ರ ನೂಲಿನ ಎರಡೆಳೆ ಸೇರಿಸಿ ಹುರಿ ಮಾಡಿದ್ದು, ಹಾಗಾಗಿ ಅದರ ದಪ್ಪ 5ರ ನೂಲಿನಷ್ಟು. ಐದನ್ನು 840ರಿಂದ ಗುಣಿಸಿದರೆ ಪೌಂಡಿಗೆ 4200 ಗಜ. ಕಿಲೋಕ್ಕೆ ಸುಮಾರು 9260 ಗಜ.

ಎರಡೆಳೆಯ ಹುರಿಯೇ ಯಾಕೆ ಅಂದರೆ, ಒಂಟಿ ಎಳೆಯ ನೂಲಿಗೆ ಗಂಜಿ ಹಾಕದೆ ಮಗ್ಗಕ್ಕೆ ಏರಿಸಲು ಆಗುವುದಿಲ್ಲ. ಹಣಿಗೆಯ ತಿಕ್ಕಾಟಕ್ಕೆ ನವಿರೆದ್ದು ಕಡಿಯುತ್ತದೆ. ನಮ್ಮ ಓಣಿಯಲ್ಲಿ ಬೆಳಗಿನ ಜಾವ ಹಾಸನ್ನು ಬೀದಿಯುದ್ದ ಬಿಗಿದು, ಗಂಜಿ ಸವರಿ, ದೊಡ್ಡ ಕುಂಚದಿಂದ ತಿಕ್ಕುತ್ತಿದ್ದರು. ಬಿಸಿಲೇರುವ ಮೊದಲು ಮುಗಿಯಬೇಕು. ಆ ಹೊತ್ತಿನಲ್ಲಿ ಬೀದಿಯಲ್ಲಿ ಸೈಕಲ್ಲು ಹೊಡೆದವನ ಕಥೆ ಮುಗಿಯಿತು ಅಂತಲೇ ಲೆಕ್ಕ. ಈಗ ನಮ್ಮ ಕಾಲೊನಿಯಲ್ಲಿ ಅದನ್ನು ಮಾಡಿದರೆ ನನ್ನ ಕಥೆ ಮುಗಿಯುತ್ತದೆ. ಹಾಗಾಗಿ ಹುರಿ ನೂಲು.

ಅಂಗಡಿಯಲ್ಲಿ ಒಂದು ತುಂಡು ಎಳೆ ಕೇಳಿ ತಂದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಉದುರುವ ಬೂದಿ. ತುದಿ ಕರಗಿ ಗಟ್ಟಿ ಮಣಿಯಂತಾದರೆ ಅದರಲ್ಲಿ ಪಾಲಿಯೆಸ್ಟರ್ ಇದೆ. ಕೆಂಪು, ಕಪ್ಪು ನೂಲಾದರೆ ಒದ್ದೆ ಬಿಳಿ ಬಟ್ಟೆಯ ಮೇಲೆ ಇಟ್ಟು ಇಸ್ತ್ರಿ ಒತ್ತಿ, ಬಣ್ಣ ಬಿಡುತ್ತದಾ ಗೊತ್ತಾಗುತ್ತದೆ.

ಗುರುತಿನ ಚೀಟಿ ಇರುವ ನೇಕಾರರಿಗೆ ಸರ್ಕಾರ ನೂಲಿನ ಮೇಲೆ ರಿಯಾಯಿತಿ ಕೊಡುತ್ತದೆ. ಪರಿಚಯದವರ ಚೀಟಿಯಲ್ಲಿ ಅದನ್ನು ತರಿಸಿಕೊಳ್ಳುವ ಯೋಚನೆ ಬೇಡ. ನಮಗೆ ಬೇಕಾಗಿರುವುದು ಕಾಲು ಕಿಲೋ ನೂಲು, ಪೂರ್ತಿ ಬೆಲೆ ಕೊಡೋಣ.

ಲೆಕ್ಕ

ಇಲ್ಲಿ ಬ್ಯಾಂಕಿನವಳಿಗೆ ಮಜಾ. ಮೂರು ಬಟ್ಟೆಗೆ ಲೆಕ್ಕ ಹಾಕೋಣ.

ಹಣಿಗೆಯಲ್ಲಿ ಅಗಲ 16 ಇಂಚು. 2/10ರ ನೂಲಿಗೆ ಸಾದಾ ನೇಯ್ಗೆಯಲ್ಲಿ ಇಂಚಿಗೆ 24 ಎಳೆ ಹಿಡಿಯಿರಿ. ಹಾಸಿನ ಒಟ್ಟು ಎಳೆ 384.

ಒಂದೊಂದು ಬಟ್ಟೆ 18 ಇಂಚು ಉದ್ದ, ಮೂರಕ್ಕೆ 54. ಹಾಸಿನ ಎಳೆ ಹೊಕ್ಕಿನ (ಲಾಳಿ ಹಾಕುವ ಅಡ್ಡ ನೂಲಿನ) ಮೇಲೆ ಕೆಳಗೆ ಬಳುಕುತ್ತ ಹೋಗುವುದರಿಂದ ಹತ್ತನೇ ಒಂದು ಪಾಲು ತಿಂದುಹೋಗುತ್ತದೆ, ಅದಕ್ಕೆ 6 ಇಂಚು. ಮುಂದೆ ಹಿಂದೆ ಕಟ್ಟಲು, ಕೊನೆಗೆ ನೇಯಲಾಗದೆ ಉಳಿಯುವುದಕ್ಕೆ 30 ಇಂಚು. ಒಟ್ಟು 90 ಇಂಚು, ಅಂದರೆ ಎರಡೂವರೆ ಗಜ. 384ನ್ನು ಎರಡೂವರೆಯಿಂದ ಗುಣಿಸಿದರೆ 960 ಗಜ.

ಹೊಕ್ಕು ಇಂಚಿಗೆ 22. ಒಂದು ಹೊಕ್ಕಿಗೆ 16 ಇಂಚು ನೂಲು. 54 ಇಂಚಿಗೆ ಸುಮಾರು 530 ಗಜ. ತಿರುವು, ಕಡಿತಕ್ಕೆ ಸ್ವಲ್ಪ ಸೇರಿಸಿ 580 ಗಜ ಅನ್ನಿ. ಹಾಸು ಹೊಕ್ಕು ಕೂಡಿ 1540 ಗಜ, ತೂಕದಲ್ಲಿ ಸುಮಾರು 166 ಗ್ರಾಂ. ಮೊದಲ ಸಲ ಹಾಳಾಗುವುದು ಇದ್ದದ್ದೇ, ಕಾಲು ಕಿಲೋ ತನ್ನಿ.

ಹಣಿಗೆ ಕೊಳ್ಳುವಾಗ ಒಂದು ಎಚ್ಚರ. ನಮ್ಮ ಕಡೆಯ ಹಣಿಗೆಗೆ ಸ್ಟಾಕ್‌ಪೋರ್ಟ್ ಲೆಕ್ಕದಲ್ಲಿ ನಂಬರು ಕೊಡುತ್ತಾರೆ, ಎರಡು ಇಂಚಿನಲ್ಲಿ ಎಷ್ಟು ಸಂದು ಅಂತ. 24ರ ಹಣಿಗೆಯಲ್ಲಿ ಇಂಚಿಗೆ 12 ಸಂದು, ಸಂದಿಗೆ ಎರಡೆಳೆ ಹಾಕಿದರೆ 24. ಹೊರದೇಶದ ಮೇಜಿನ ಮಗ್ಗದ ಜೊತೆ ಬರುವ ಹಣಿಗೆಯ ನಂಬರು ಬಹಳ ಸಲ ಒಂದು ಇಂಚಿನದ್ದು. ನಂಬರು ನಂಬಬೇಡಿ, ಸ್ಕೇಲ್ ಇಟ್ಟು ಎಣಿಸಿ.

ಹಾಸು ಮಾಡುವುದು

ಇಲ್ಲಿಂದ ನಿಧಾನ.

ಗೂಟ ಹೊಡೆದ ಹಲಗೆ ಬೇಕು. ಬಡಿಗರು ಒಂದು ದಿನದಲ್ಲಿ ಮಾಡಿಕೊಡುತ್ತಾರೆ. ಗೂಟದಿಂದ ಗೂಟಕ್ಕೆ ಸುತ್ತುತ್ತ ಹೋದರೆ ಮೊದಲ ಗೂಟದಿಂದ ಕೊನೆಯ ಗೂಟಕ್ಕೆ ಎರಡೂವರೆ ಗಜ ಬರಬೇಕು. ದಾರಿ ಗುರುತಿಗೆ ಮೊದಲು ಬೇರೆ ಬಣ್ಣದ ದಾರ ಕಟ್ಟಿಕೊಳ್ಳಿ, ನೂಲು ಅದನ್ನೇ ಹಿಂಬಾಲಿಸಲಿ. ಹೋಗಿ ಬಂದರೆ ಎರಡು ಎಳೆ. 192 ಸಲ ಹೋಗಿ ಬರಬೇಕು.

ಒಂದು ತುದಿಯ ಎರಡು ಗೂಟಗಳ ನಡುವೆ ನೂಲು 8ರ ಆಕಾರದಲ್ಲಿ ದಾಟಬೇಕು. ಹೋಗುವ ಎಳೆ ಮೊದಲ ಗೂಟದ ಮೇಲೆ, ಎರಡನೆಯದರ ಕೆಳಗೆ. ಬರುವ ಎಳೆ ಅದಕ್ಕೆ ಉಲ್ಟಾ. ಈ ಕತ್ತರಿ ದಾಟೇ ಇಡೀ ಹಾಸಿನ ಜೀವ. ಯಾವ ಎಳೆಯ ಪಕ್ಕ ಯಾವ ಎಳೆ ಅನ್ನುವುದು ಅಲ್ಲಿ ಮಾತ್ರ ಉಳಿದಿರುತ್ತದೆ. ಅದು ಹೋದರೆ ನಿಮ್ಮ ಕೈಯಲ್ಲಿರುವುದು ಹಾಸಲ್ಲ, 384 ಎಳೆಗಳ ಜಡೆ.

ನನಗೆ ಹೇಗೆ ಗೊತ್ತು? ಮೊದಲ ಹಾಸನ್ನು ಗೂಟದಿಂದ ತೆಗೆಯುವಾಗ ಕತ್ತರಿ ದಾಟಿಗೆ ದಾರ ಕಟ್ಟಿದ್ದೆ. ಮಗ್ಗದ ಹತ್ತಿರ ತಂದು, ಇನ್ನೇನು ಕೋಲು ಸೇರಿಸಬೇಕು ಅನ್ನುವಾಗ "ಇದೇನಪ್ಪ ಅಡ್ಡ ದಾರ" ಅಂತ ನಾನೇ ಕತ್ತರಿಸಿದೆ. ಕಾಕಾನಿಗೆ ಫೋನ್ ಮಾಡಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತಂಗಿ, ಅದನ್ನ ಈಗ ದೀಪದ ಬತ್ತಿ ಮಾಡು" ಅಂದರು. ಒಂದು ವರ್ಷಕ್ಕಾಗುವಷ್ಟು ಬತ್ತಿ ಆಯಿತು.

ಹಾಗಾಗಿ ಕಣ್ಣಿಗೆ ಹೊಡೆಯುವ ಬಣ್ಣದ ದಾರ ತೆಗೆದುಕೊಳ್ಳಿ. ಕತ್ತರಿ ದಾಟಿನ ನಾಲ್ಕೂ ತೋಳಿಗೆ ಬೇರೆ ಬೇರೆ ಕಟ್ಟಿ. ಎರಡು ಕೋಲನ್ನು ದಾಟಿನ ಆಚೆ ಈಚೆ ತೂರಿಸಿ, ಕೋಲುಗಳ ತುದಿಗಳನ್ನು ಒಂದಕ್ಕೊಂದು ಕಟ್ಟುವ ತನಕ ಒಂದು ದಾರವನ್ನೂ ಬಿಚ್ಚಬೇಡಿ.

ಸುತ್ತುವಾಗ ಪ್ರತಿ 24 ಎಳೆಗೆ ಒಂದು ದಾರದ ಸುತ್ತು ಹಾಕಿ. 24 ಎಳೆ ಅಂದರೆ ಒಂದು ಇಂಚು. ಹದಿನಾರು ಗುಂಪಾದರೆ ಲೆಕ್ಕ ಮುಗಿಯಿತು. ಮೊಮ್ಮಕ್ಕಳು ಮಧ್ಯೆ ಬಂದು ಮಾತಾಡಿಸಿದರೂ ಎಣಿಕೆ ತಪ್ಪುವುದಿಲ್ಲ.

ಬಿಗಿ ಎಷ್ಟಿರಬೇಕು? ಎಳೆ ಜೋಲಬಾರದು, ಗೂಟ ಬಾಗಬಾರದು. ನಾನು ಮೊದಲ ಸಲ ಜಗ್ಗಿ ಜಗ್ಗಿ ಸುತ್ತಿದ್ದೆ. ಕೊನೆಯ ಗುಂಪು ಮೊದಲ ಗುಂಪಿಗಿಂತ ಒಂದು ಬೆರಳು ಗಿಡ್ಡ. ಬೆಳಿಗ್ಗೆ ಇರುವ ಕೈಯ ಬಲ ಮಧ್ಯಾಹ್ನಕ್ಕೆ ಇರುವುದಿಲ್ಲ, ಸಿಟ್ಟು ಬಂದಾಗ ಇರುವುದು ಬೇರೆಯೇ. ಅದಕ್ಕೇ ಅಪ್ಪನ ಮನೆಯಲ್ಲಿ ಒಂದು ಹಾಸನ್ನು ಇಬ್ಬರು ಸುತ್ತುತ್ತಿರಲಿಲ್ಲ. ಒಂದೇ ಕೂರಿಕೆಯಲ್ಲಿ, ಒಬ್ಬರೇ ಮುಗಿಸಿ.

ತೆಗೆಯುವಾಗ ಹಾಸನ್ನು ಕೈಯಲ್ಲೇ ಸರಪಳಿಯಂತೆ ಹೆಣೆಯುತ್ತ ಬನ್ನಿ. ಹಾಗೆ ಮಾಡಿದರೆ ಚೀಲದಲ್ಲಿ ಇಟ್ಟು ಊರಿಗೆ ತೆಗೆದುಕೊಂಡು ಹೋದರೂ ಸಿಕ್ಕಾಗುವುದಿಲ್ಲ.

ಮಗ್ಗಕ್ಕೆ ಏರಿಸುವುದು

ಈ ದಿನ ಇನ್ನೊಬ್ಬರು ಬೇಕು. ಒಬ್ಬರು ಹಾಸನ್ನು ಬಿಗಿಯಾಗಿ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಹಿಂದಿನ ಬೀಮ್ ತಿರುಗಿಸಬೇಕು. ನಮ್ಮ ಮನೆಯವರು ಹಿಡಿದುಕೊಳ್ಳುತ್ತಾರೆ. ಕೈಯಲ್ಲಿ ಮೊಬೈಲ್ ಇರಬಾರದು ಅನ್ನುವುದು ಒಪ್ಪಂದ.

ಹಲ್ಲಿನ ಪಟ್ಟಿಯಲ್ಲಿ ಇಂಚಿಗೊಂದರಂತೆ ಹದಿನಾರು ಗುಂಪನ್ನೂ ಕೂರಿಸಿ, ಹಾಸು 16 ಇಂಚು ಅಗಲವಾಗಿ ಹರಡಲಿ. ಬೀಮ್ ತಿರುಗಿಸುವಾಗ ಪ್ರತಿ ಸುತ್ತಿಗೂ ಮಧ್ಯೆ ದಪ್ಪ ಕಾಗದ ಹಾಕಿ. ಇಲ್ಲದಿದ್ದರೆ ಮೇಲಿನ ಎಳೆಗಳು ಕೆಳಗಿನ ಸುತ್ತಿನೊಳಗೆ ಇಳಿದು ಬಿಗಿ ತಪ್ಪುತ್ತದೆ. ಹಳೆ ಕ್ಯಾಲೆಂಡರಿನ ಹಾಳೆ ಇದಕ್ಕೆ ಬಹಳ ಒಳ್ಳೆಯದು. ನನ್ನ ಹತ್ತಿರ 36 ವರ್ಷದ ಬ್ಯಾಂಕ್ ಕ್ಯಾಲೆಂಡರುಗಳಿದ್ದವು, ಕೊನೆಗೂ ಒಂದು ಉಪಯೋಗಕ್ಕೆ ಬಂದವು.

ಆಮೇಲೆ ಒಂದೊಂದೇ ಎಳೆಯನ್ನು ಹೆಡಲ್ ಕಣ್ಣಿನಲ್ಲಿ (ಶಾಫ್ಟಿನಲ್ಲಿ ಸಾಲಾಗಿರುವ ತಂತಿಗಳ ತೂತಿನಲ್ಲಿ) ಪೋಣಿಸುವುದು. ಸಾದಾ ನೇಯ್ಗೆಗೆ ಎರಡು ಶಾಫ್ಟ್ ಸಾಕು, ಆದರೂ ನಾಲ್ಕರಲ್ಲೂ ಹಾಕಿ: ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು. ಒಂದು ಮೂರನ್ನು ಒಟ್ಟಿಗೆ, ಎರಡು ನಾಲ್ಕನ್ನು ಒಟ್ಟಿಗೆ ಎತ್ತಿದರೆ ಸಾದಾ ನೇಯ್ಗೆ. ಮೂರನೇ ಬಟ್ಟೆಗೆ ಬರುವ ಹೊತ್ತಿಗೆ ಧೈರ್ಯ ಬಂದಿದ್ದರೆ ಒಂದು-ಎರಡು, ಎರಡು-ಮೂರು, ಮೂರು-ನಾಲ್ಕು, ನಾಲ್ಕು-ಒಂದು ಅಂತ ಎತ್ತಿ ನೋಡಿ. ಬಟ್ಟೆಯಲ್ಲಿ ಓರೆ ಗೆರೆ ಮೂಡುತ್ತದೆ. ಮತ್ತೆ ಪೋಣಿಸುವ ಕೆಲಸ ಇಲ್ಲ.

ಪ್ರತಿ 24 ಎಳೆಗೆ ನಿಲ್ಲಿ, ಎಣಿಸಿ, ಸರಿ ಇದ್ದರೆ ಸಡಿಲ ಗಂಟು ಹಾಕಿ ಮುಂದೆ ಹೋಗಿ. ಹಿಂದೆ ಬಿಳಿ ಹಾಳೆ ಇಟ್ಟು, ದೀಪ ಪಕ್ಕದಿಂದ ಬೀಳುವಂತೆ ಮಾಡಿಕೊಳ್ಳಿ. ನನಗೆ 384 ಕಣ್ಣಿಗೆ ಮೂರು ದಿನ ಹಿಡಿಯಿತು. ಹಣಿಗೆಯಲ್ಲಿ ಮಧ್ಯದಿಂದ ಶುರು ಮಾಡಿ, ಎರಡೂ ಕಡೆಗೆ 96 ಸಂದು. ಒಂದು ಸಂದು ಖಾಲಿ ಬಿಟ್ಟರೆ ಬಟ್ಟೆಯುದ್ದಕ್ಕೂ ಗೆರೆ ಕಾಣುತ್ತದೆ, ಮೂರೆಳೆ ಸೇರಿದರೂ ಕಾಣುತ್ತದೆ. ಆಮೇಲೆ ಸರಿ ಮಾಡಿದರಾಯಿತು ಅಂತ ಬಿಡಬೇಡಿ, ಅದು ತಾನಾಗಿ ಸರಿ ಹೋಗುವುದಿಲ್ಲ.

ಮುಂದಿನ ಕೋಲಿಗೆ ಗುಂಪು ಗುಂಪಾಗಿ ಕಟ್ಟುವಾಗ ಮೊದಲು ಮಧ್ಯ, ಆಮೇಲೆ ಎರಡು ತುದಿ, ಆಮೇಲೆ ಉಳಿದದ್ದು. ಕಣ್ಣು ಮುಚ್ಚಿ ಅಂಗೈಯಿಂದ ಹಾಸನ್ನು ಸವರಿ. ಎಲ್ಲಿ ಮೆತ್ತಗಿದೆ, ಎಲ್ಲಿ ಗಟ್ಟಿ ಅನ್ನುವುದು ಕಣ್ಣಿಗಿಂತ ಅಂಗೈಗೆ ಬೇಗ ತಿಳಿಯುತ್ತದೆ.

ಈಗ ಲಾಳಿ

ಮೊದಲ ಎರಡು ಇಂಚು ಹಳೆ ಬಟ್ಟೆಯ ಪಟ್ಟಿಯಲ್ಲೋ ದಪ್ಪ ನೂಲಿನಲ್ಲೋ ನೇಯಿರಿ. ಕಟ್ಟಿದ ಗುಂಪುಗಳ ನಡುವಿನ ಸಂದು ಮುಚ್ಚಿಕೊಂಡು ಎಳೆಗಳು ಸಮ ಆಗುತ್ತವೆ. ಪೋಣಿಸುವಾಗ ಆದ ತಪ್ಪು ಕಾಣುವುದೂ ಇಲ್ಲೇ. ಕಂಡರೆ ಹೊಟ್ಟೆ ಉರಿಸಿಕೊಳ್ಳದೆ ಬಿಚ್ಚಿ ಸರಿ ಮಾಡಿ.

ಹೊಕ್ಕನ್ನು ನೆಟ್ಟಗೆ ಎಳೆದು ಬಿಗಿಯಬೇಡಿ. ಲಾಳಿ ದಾಟಿದ ಮೇಲೆ ನೂಲು ಓರೆಯಾಗಿ, ಸ್ವಲ್ಪ ಮೇಲೆ ನಿಂತಿರಲಿ, ಆಮೇಲೆ ಹಣಿಗೆ ತನ್ನಿ. ಬಿಗಿದರೆ ಬಟ್ಟೆ ಒಳಗೆ ಸೇದಿಕೊಳ್ಳುತ್ತದೆ. ಹಣಿಗೆಯಲ್ಲಿ 16 ಇಂಚು ಇರುವುದು ಮಗ್ಗದ ಮೇಲೆ 15 ಆದರೆ ಪರವಾಗಿಲ್ಲ. 14 ಆದರೆ ಅಂಚಿನ ಎಳೆಗಳು ಹಣಿಗೆಗೆ ಉಜ್ಜಿ ಒಂದರ ಹಿಂದೆ ಒಂದು ಕಡಿಯುತ್ತವೆ. ನನ್ನ ಮೊದಲ ಬಟ್ಟೆ ಸೊಂಟ ಸಣ್ಣ ಮಾಡಿಕೊಂಡ ಮರಳು ಗಡಿಯಾರದ ಹಾಗಿದೆ. ಕಾಕಾ ನೋಡಿ ಹೇಳಿದ್ದು: "ಎಳಿ ಜಗ್ಗಬ್ಯಾಡ, ಬಾ ಅನ್ನು."

ಹಣಿಗೆ ಬಡಿಯುವುದಕ್ಕೂ ಅಷ್ಟೇ. ಹೊಕ್ಕನ್ನು ಅದರ ಜಾಗದಲ್ಲಿ ಕೂರಿಸಿದರೆ ಸಾಕು. ಇಂಚಿಗೆ 22 ಬರುತ್ತಿದೆಯೇ ಅಂತ ಸ್ಕೇಲ್ ಇಟ್ಟು ಆಗಾಗ ನೋಡಿ. ಎರಡು ಇಂಚು ನೇಯ್ದ ಮೇಲೆ ಬಟ್ಟೆಯನ್ನು ಮುಂದಕ್ಕೆ ಸುತ್ತಿಕೊಳ್ಳಿ. ಜಾಸ್ತಿ ಮುಂದೆ ಹೋದರೆ ಲಾಳಿ ತೂರಲು ಬಾಯಿ ತೆರೆಯುವುದಿಲ್ಲ.

ಎಳೆ ಕಡಿಯುತ್ತದೆ, ಎಲ್ಲರಿಗೂ ಕಡಿಯುತ್ತದೆ. ಒಂದು ಗಜದ ಹೊಸ ಎಳೆಯನ್ನು ಹಿಂದೆ ಕಡಿದ ತುದಿಗೆ ಗಂಟು ಹಾಕಿ, ಅದೇ ಹೆಡಲ್ ಕಣ್ಣು, ಅದೇ ಸಂದಿನ ಮೂಲಕ ಮುಂದೆ ತನ್ನಿ. ಬಟ್ಟೆಯಲ್ಲಿ ಒಂದು ಗುಂಡುಸೂಜಿ ಚುಚ್ಚಿ ಅದಕ್ಕೆ 8ರ ಹಾಗೆ ಸುತ್ತಿ, ನೇಯುತ್ತ ಹೋಗಿ. ಧಾರವಾಡದ ಮಾರ್ಚ್ ಏಪ್ರಿಲಿನಲ್ಲಿ ಮಧ್ಯಾಹ್ನ ಎಳೆ ಜಾಸ್ತಿ ಕಡಿಯುತ್ತದೆ, ಯಾಕೆಂದರೆ ಹತ್ತಿಗೆ ಪಸೆ ಇದ್ದಾಗಲೇ ಬಲ. ನೆಲದ ತಂಪು ನೂಲಿಗೆ ಸಿಗುವುದು ಕುಣಿ ಮಗ್ಗದ ಒಂದು ಗುಣ. ನಾನು ಬೇಸಿಗೆಯಲ್ಲಿ ಬೆಳಿಗ್ಗೆ ಮಾತ್ರ ನೇಯುತ್ತೇನೆ, ಮಗ್ಗದ ಕೆಳಗೆ ಒಂದು ಒದ್ದೆ ಗೋಣಿ ಹಾಸುತ್ತೇನೆ.

ಎದ್ದು ಹೋಗುವಾಗ ಹಾಸಿನ ಬಿಗಿ ಸಡಿಲ ಮಾಡಿ ಹೋಗಿ.

ಹಳೆ ಕೆಲಸ ನಮ್ಮನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಾನು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ದಿನಕ್ಕೆ ಎಂಟು ಇಂಚು ಅಂತ ಟಾರ್ಗೆಟ್ ಇಟ್ಟುಕೊಂಡಿದ್ದೆ. ನಾಲ್ಕನೇ ದಿನ ಐದೇ ಇಂಚು ಆಗಿತ್ತು. ರಾತ್ರಿ ಕೂತು ಉಳಿದದ್ದನ್ನು ಮುಗಿಸಿದೆ. ಬೆಳಿಗ್ಗೆ ನೋಡಿದರೆ ಆ ಮೂರು ಇಂಚಿನಲ್ಲಿ ಎರಡು ಕಡೆ ಹೊಕ್ಕು ತಪ್ಪಿ ಎಳೆ ತೇಲಿತ್ತು. ಬಿಚ್ಚಲು ಒಂದೂವರೆ ತಾಸು. ಕಾಕಾನಿಗೆ ಹೇಳಿದಾಗ, "ಲೆಕ್ಕ ನೂಲಿಗೆ ಇರಲಿ, ಕೈಗೆ ಬ್ಯಾಡ" ಅಂದರು. ಎಕ್ಸೆಲ್ ಪಟ್ಟಿ ಈಗಲೂ ಇದೆ, ನೂಲಿನ ತೂಕಕ್ಕೆ ಮಾತ್ರ. ಆಫೀಸಿನ ಅಭ್ಯಾಸದಲ್ಲಿ ಉಳಿಸಿಕೊಳ್ಳಬೇಕಾದದ್ದು ಬರೆದಿಡುವುದು. ಪ್ರತಿ ಹಾಸಿಗೂ ಒಂದು ಪುಟ: ನೂಲಿನ ನಂಬರು, ಎಳೆ, ಹಣಿಗೆ, ತೊಳೆಯುವ ಮೊದಲಿನ ಅಳತೆ, ತೊಳೆದ ಮೇಲಿನ ಅಳತೆ, ಒಂದು ತುಂಡು ನೂಲು ಅಂಟಿಸಿ. ಆರು ತಿಂಗಳ ನಂತರ ನಿಮ್ಮ ನೆನಪನ್ನು ನೀವೇ ನಂಬುವುದಿಲ್ಲ.

ಇಳಿಸಿದ ಮೇಲೆ

ಮಗ್ಗದಿಂದ ಇಳಿದದ್ದು ಇನ್ನೂ ಬಟ್ಟೆಯಲ್ಲ. ಗೋಣಿಯ ಹಾಗೆ ಬಿರುಸಾಗಿರುತ್ತದೆ, ಬೆಳಕಿಗೆ ಹಿಡಿದರೆ ಸಂದು ಕಾಣುತ್ತದೆ. ಗಾಬರಿ ಬೇಡ. ಎರಡು ತುದಿಗೆ ಹೊಲಿಗೆ ಹಾಕಿ ಹೊಕ್ಕು ಬಿಚ್ಚದಂತೆ ಮಾಡಿ, ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೋಪು ಹಾಕಿ ಅರ್ಧ ತಾಸು ನೆನೆಸಿ. ಕೈಯಲ್ಲೇ ಹಿಸುಕಿ, ನೆರಳಲ್ಲಿ ಒಣಗಿಸಿ, ಸ್ವಲ್ಪ ಪಸೆ ಇರುವಾಗಲೇ ಇಸ್ತ್ರಿ ಹಾಕಿ. ಎಳೆಗಳು ಉಬ್ಬಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹತ್ತನೇ ಒಂದು ಪಾಲಿನಷ್ಟು ಕುಗ್ಗಬಹುದು, ಅದನ್ನು ಬರೆದಿಟ್ಟುಕೊಳ್ಳಿ. ಮೂರು ಬಟ್ಟೆಯಾಗಿ ಕತ್ತರಿಸುವುದು, ಅಂಚು ಮಡಚಿ ಹೊಲಿಯುವುದು ತೊಳೆದ ಮೇಲೆ.

ಮಾರುವ ಮಾತು ಬಂದೇ ಬರುತ್ತದೆ, ಗೆಳತಿಯರು ಕೇಳುತ್ತಾರೆ. ಕೊಡುವುದಾದರೆ ಸುಮ್ನೆ ಕೊಡಿ. ಮಾರುವುದಾದರೆ ನೂಲಿನ ಬೆಲೆಯ ಜೊತೆ ನಿಮ್ಮ ತಾಸಿನ ಕೂಲಿಯನ್ನೂ ಪೂರ್ತಿ ಹಿಡಿದು ಮಾರಿ. ಪೆನ್ಷನ್ ಬರುವ ನಾನು "ಹವ್ಯಾಸಕ್ಕೆ ಮಾಡಿದ್ದು, 200 ರೂಪಾಯಿ ಕೊಡಿ ಸಾಕು" ಅಂದರೆ, ಅದೇ ಸಂತೆಯಲ್ಲಿ ಕೂತ ನೇಕಾರಳಿಗೆ ಯಾರು 400 ಕೊಡುತ್ತಾರೆ? ಇನ್ನೊಂದು, ಮುಂದೆ ಎಂದಾದರೂ ಸೀರೆ ನೇಯ್ದರೆ ಅದನ್ನು ಇಳಕಲ್ ಅಂತಲೋ ಉಡುಪಿ ಸೀರೆ ಅಂತಲೋ ಕರೆದು ಮಾರಬೇಡಿ. ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ, ಉಡುಪಿ ಸೀರೆ, ಗುಳೇದಗುಡ್ಡ ಖಣ ಇವೆಲ್ಲಕ್ಕೂ ಭೌಗೋಳಿಕ ಗುರುತು ಇದೆ. ಆ ಹೆಸರು ಆ ಊರಿನ ನೇಕಾರರದ್ದು.

ಬಟ್ಟೆ ಕತ್ತರಿಸಿ ಇಳಿಸುವಾಗ ಹೆಡಲ್ ಮತ್ತು ಹಣಿಗೆಯಲ್ಲಿ ಉಳಿದ ಎಳೆಗಳನ್ನು ಎಳೆದು ಬಿಸಾಡಬೇಡಿ. ಹಣಿಗೆಯ ಮುಂದೆ ಗುಂಪು ಗುಂಪಾಗಿ ಸಡಿಲ ಗಂಟು ಹಾಕಿ, ಹೆಡಲ್ ಹಿಂದೆ ಒಂದು ಗೇಣು ಉಳಿಸಿ. ಅಗಲವೂ ಎಳೆಯ ಲೆಕ್ಕವೂ ಅದೇ ಇದ್ದರೆ, ಮುಂದಿನ ಹಾಸನ್ನು ಒಂದೊಂದೇ ಎಳೆಯಾಗಿ ಈ ಹಳೆ ತುದಿಗಳಿಗೆ ಗಂಟು ಹಾಕಿ ಮುಂದಕ್ಕೆ ಎಳೆದುಕೊಂಡರಾಯಿತು, ಮತ್ತೆ ಪೋಣಿಸುವುದು ಇಲ್ಲ. ಕಾಕಾ ಗಂಟನ್ನೂ ಹಾಕುವುದಿಲ್ಲ. ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ಎರಡು ತುದಿ ಸೇರಿಸಿ ಹೊಸೆದುಬಿಡುತ್ತಾರೆ, ಅದು ಬಿಚ್ಚುವುದಿಲ್ಲ. ನಾನು ಹೊಸೆದದ್ದು ಹತ್ತರಲ್ಲಿ ನಾಲ್ಕು ಬಿಚ್ಚುತ್ತವೆ. ಸದ್ಯಕ್ಕೆ ಗಂಟೇ ಹಾಕುತ್ತಿದ್ದೇನೆ, ಎರಡನೇ ಹಾಸಿಗೆ 384 ಗಂಟು, ಇವತ್ತಿಗೆ 210 ಆಗಿವೆ.